ವಾಯುವ್ಯದ ಕಲೆ

ಜೆಲ್ಫಾ ಟಟಲ್‌ಗೆ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ, ಸ್ವಂತದ್ದೊಂದು ಸೂರೂ ಇರಲಿಲ್ಲ. ಅವಳಿಗಿದ್ದದ್ದು ಒಂದು ಬಲಗಣ್ಣು. ಸಾಲ್ಟ್ ಲೇಕ್ ಕಣಿವೆಯಲ್ಲಿ ಮದುವೆಯಾಗದೆ ಐವತ್ತೇಳು ಮುಟ್ಟಿದ ಹೆಂಗಸನ್ನು ಜನ ಅಯ್ಯೋ ಪಾಪ ಎಂದೇ ನೋಡುತ್ತಾರೆ. ಚರ್ಚಿನ ಊಟದಲ್ಲಿ ಅವಳ ತಟ್ಟೆಗೆ ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆಯನ್ನು ಎರಡೆರಡು ಸಲ ಬಡಿಸುತ್ತಾರೆ, ಗಂಡನಿಲ್ಲದ ಕೊರತೆ ಆಲೂಗಡ್ಡೆಯಲ್ಲಿ ತೀರುತ್ತದೆ ಎನ್ನುವ ಹಾಗೆ. ಜೆಲ್ಫಾಳನ್ನು ಮಾತ್ರ ಯಾರೂ ಹಾಗೆ ನೋಡುವ ಧೈರ್ಯ ಮಾಡಲಿಲ್ಲ. ಅವಳು ತಿರುಗಿ ನೋಡಿದರೆ ನಿಮ್ಮ ಕೋಟಿನ ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ನಿಮಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

ಹುಟ್ಟಿದ್ದು ಸ್ಯಾನ್‌ಪೀಟ್ ಕೌಂಟಿಯ ಕೋಳಿ ಸಾಕುವ ಮನೆಯಲ್ಲಿ, ಹನ್ನೊಂದು ಮಕ್ಕಳಲ್ಲಿ ಏಳನೆಯವಳಾಗಿ. ಹತ್ತೊಂಬತ್ತಕ್ಕೆ ಡ್ರೇಪರ್ ಊರಿನ ಮೊಟ್ಟೆ ಮಂಡಿಗೆ ಕೆಲಸಕ್ಕೆ ಬಂದಳು. ಕತ್ತಲೆ ಕೋಣೆ, ಎದುರಿಗೆ ತೂತಿನಷ್ಟೇ ಬೆಳಕಿನ ದೀಪ. ಮೊಟ್ಟೆಯನ್ನು ಆ ಬೆಳಕಿಗೆ ಹಿಡಿದು, ಎರಡು ಬೆರಳಲ್ಲಿ ಗಿರ್ರನೆ ತಿರುಗಿಸಿ, ಒಳಗೆ ರಕ್ತದ ಚುಕ್ಕೆ ಇದೆಯೋ ಇಲ್ಲವೋ ಹೇಳಬೇಕು. ಇಪ್ಪತ್ತೇಳು ವರ್ಷ ಅದನ್ನೇ ಮಾಡಿದಳು. ಅವಳು ಕಲಿತ ವಿದ್ಯೆಯೆಲ್ಲ ಒಂದೇ ಮಾತಿನಲ್ಲಿತ್ತು: ತಿರುಗಿಸಿ ನೋಡು. ಮೊಟ್ಟೆಯ ಜೊತೆ ತಿರುಗಿದರೆ ಕಲೆ ಮೊಟ್ಟೆಯದು. ಮೊಟ್ಟೆ ತಿರುಗಿದರೂ ಕಲೆ ಅಲ್ಲೇ ನಿಂತರೆ ಅದು ದೀಪದ್ದೋ, ನಿನ್ನ ಕಣ್ಣಿಗಂಟಿದ ಕಸದ್ದೋ.

ಮೊಟ್ಟೆ ನೋಡುವುದಕ್ಕೆ ಯಂತ್ರ ಬಂದಾಗ ಮಂಡಿ ಅವಳನ್ನು ಬಿಟ್ಟಿತು. ಅದೇ ವರ್ಷ, ಅರವತ್ತನೇ ಇಸವಿಯಲ್ಲಿ, ಮರ್ರಿ ಊರಿನ ಹಳೆಯ ಸಕ್ಕರೆ ಗೋದಾಮಿನಲ್ಲಿ ಟ್ಯೂಬ್ ಕಾರ್ಖಾನೆ ಶುರುವಾಗಿತ್ತು. ಕಂಪ್ಯೂಟರ್ ಎಂದರೆ ಆಗ ಒಂದು ಕೋಣೆ ತುಂಬ ಕಪಾಟುಗಳು. ಅದು ತನ್ನ ಲೆಕ್ಕವನ್ನು ಕಾಗದದ ಮೇಲೆ ಬರೀ ಅಂಕಿಗಳಾಗಿ ಕಾರುವುದನ್ನು ಬಿಟ್ಟು ಗಾಜಿನ ಮೇಲೆ ಹಸಿರು ಗೆರೆಗಳಲ್ಲಿ ಚಿತ್ರ ಬರೆಯುವುದನ್ನು ಆಗತಾನೆ ಕಲಿಯುತ್ತಿತ್ತು. ಆ ಗಾಜಿನ ಟ್ಯೂಬನ್ನೇ ಇವರು ಮಾಡುತ್ತಿದ್ದದ್ದು. ಕುಂಬಳಕಾಯಿಗೆ ಉದ್ದ ಕತ್ತು ಇಟ್ಟಂಥ ಆಕಾರ. ಕತ್ತಿನೊಳಗಿಂದ ಹೊರಟ ಕಿರಣ ಮುಂದಿನ ಗಾಜಿನ ಒಳಮೈಗೆ ಬಡಿದರೆ, ಅಲ್ಲಿ ಅಂಟಿಸಿದ ಪುಡಿ ಹೊಳೆಯುತ್ತದೆ. ಪುಡಿ ಎಲ್ಲಿಲ್ಲವೋ ಅಲ್ಲಿ ಗೆರೆ ಕಡಿದುಹೋಗುತ್ತದೆ. ವಿಮಾನ ನಡೆಸಲು ಕಲಿಯುವವರಿಗೆ ಆ ಗೆರೆಗಳಲ್ಲೇ ಇಳಿಯುವ ದಾರಿಯನ್ನು ಬರೆದು ತೋರಿಸುತ್ತಿದ್ದರಂತೆ. ಅಂಥ ಕಡೆ ಕಡಿದ ಗೆರೆ ಕೊಟ್ಟರೆ ಆಗುತ್ತದೆಯೇ? ಅದಕ್ಕೇ ಜೆಲ್ಫಾ.

ಕತ್ತಲೆ ಕೋಣೆಯಲ್ಲಿ ಗಲ್ಲವನ್ನು ಒಂದು ಮರದ ಪಟ್ಟಿಗೆ ಊರಿ, ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಭೂತಗಾಜು ಒತ್ತಿ ಅವಳು ಕೂರುತ್ತಿದ್ದಳು. ಟ್ಯೂಬಿನ ಮೇಲೆ ಹಸಿರು ಗೆರೆಗಳ ಚೌಕುಳಿ ಮೂಡುತ್ತಿತ್ತು, ನಡುವೆ ಒಂದು ಚುಕ್ಕೆ. ಮೊದಲು ಆ ಚುಕ್ಕೆಯನ್ನೇ ಹತ್ತು ಎಣಿಸುವವರೆಗೆ ದಿಟ್ಟಿಸಬೇಕು. ನಡುವಿನಲ್ಲೇ ಕಲೆ ಕಂಡರೆ ಟ್ಯೂಬ್ ಅಲ್ಲಿಗೇ ರದ್ದು, ಉಳಿದ ಭಾಗ ನೋಡುವ ಗೋಜೇ ಇಲ್ಲ. ಒಳ್ಳೆಯದಾದರೆ ಕತ್ತಿನ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ತನ್ನ ಹೆಸರಿನ ಮೊದಲಕ್ಷರ, ಕೆಟ್ಟದ್ದಾದರೆ ಅಡ್ಡಗೀಟು. ಅಡ್ಡಗೀಟಿನವು ಸಂಜೆಯೊಳಗೆ ತೊಳೆಯುವ ಕೋಣೆಗೆ ಹೋಗಿ, ಆಸಿಡ್ಡಿನಲ್ಲಿ ಪುಡಿ ಬಿಟ್ಟು, ಬರೀ ಗಾಜಾಗಿ ವಾಪಸ್ಸು ಬರುತ್ತಿದ್ದವು. ಅವಳು ಬೇಡ ಎಂದದ್ದನ್ನು ಇನ್ನೊಬ್ಬರು ನೋಡಿದ್ದೇ ಇಲ್ಲ. ಹನ್ನೊಂದು ವರ್ಷದಲ್ಲಿ ಯಾಕೆ ಎಂದು ಕೇಳಿದವರೂ ಇಲ್ಲ.

ಪುಡಿ ಅಂಟಿಸುವವಳು ನೆಡ್ರಾ ಮಾರ್ಟೆನ್ಸನ್. ನಲವತ್ತೆರಡರ ಹೆಂಗಸು, ಬಾಯಿ ಬೊಂಬಾಯಿ, ಕೈ ಮಾತ್ರ ದೇವರು ಬಿಡುವಾಗಿ ಕೂತು ಮಾಡಿದ್ದು. ಟ್ಯೂಬಿನೊಳಗೆ ನೀರು ತುಂಬಿಸಿ, ಮೇಲಿಂದ ಪುಡಿ ಬೆರೆಸಿದ ನೀರನ್ನು ಹೊಯ್ಯಬೇಕು. ಪುಡಿ ತಾನಾಗಿ ತಳಕ್ಕೆ ಇಳಿದು ಕೂತ ಮೇಲೆ ನೀರನ್ನು ಹನಿಹನಿಯಾಗಿ ಬಸಿಯಬೇಕು. ಒಂದು ಸಲ ಕೈ ನಡುಗಿದರೆ ಸಾಕು, ಪದರ ಹರಿಯುತ್ತದೆ. ಆ ಕೋಣೆಯಲ್ಲಿ ಜೋರಾಗಿ ಹೆಜ್ಜೆ ಇಡುವಂತಿಲ್ಲ, ಸೀನುವಂತಿಲ್ಲ. ಮಾತಿಲ್ಲದೆ ಇರಲಾರದ ನೆಡ್ರಾ ಅಲ್ಲಿ ದಿನವಿಡೀ ಬಾಯಿಗೆ ಬೀಗ ಹಾಕಿಕೊಂಡು, ಮಧ್ಯಾಹ್ನದ ಊಟಕ್ಕೆ ಬಂದೊಡನೆ ಕಟ್ಟೆ ಒಡೆದ ಹಾಗೆ ಸುರುವಾಗುತ್ತಿದ್ದಳು. ವಾರ್ಡಿನಲ್ಲಿ, ಅಂದರೆ ನಮ್ಮ ಚರ್ಚಿನ ಕೇರಿಯಲ್ಲಿ, ಯಾರದ್ದೇ ಮದುವೆ ಇರಲಿ, ಮೂರಂತಸ್ತಿನ ಕೇಕಿನ ಮೇಲೆ ಸಕ್ಕರೆಯ ಬಳ್ಳಿ ಬಿಡಿಸುವವಳು ಅವಳೇ.

ನಮ್ಮ ಚರ್ಚಿನವರು ಒಬ್ಬರನ್ನೊಬ್ಬರು ಅಣ್ಣ, ಅಕ್ಕ ಎಂದೇ ಕರೆಯುವುದು, ಕಾರ್ಖಾನೆಯಲ್ಲೂ ಅದೇ. ತಿಂಗಳಿಗೊಮ್ಮೆ ವಾರ್ಡಿನ ನಾಲ್ಕು ಮನೆಗೆ ಹೋಗಿ ಹೆಂಗಸರ ಕಷ್ಟಸುಖ ವಿಚಾರಿಸಿ ಬರುವ ಕೆಲಸಕ್ಕೆ ಜೆಲ್ಫಾ ಮತ್ತು ನೆಡ್ರಾಳನ್ನು ಜೋಡಿ ಹಾಕಿ ಎಂಟು ವರ್ಷವಾಗಿತ್ತು. ನೆಡ್ರಾ ಕಾರು ಓಡಿಸುವಳು, ಜೆಲ್ಫಾ ಆ ಮನೆಗಳಲ್ಲಿ ಚರ್ಚಿನ ಪಾಠದ ಹಾಳೆ ಓದುವಳು. ಒಂದು ಸಲ ಕಾರಿನಲ್ಲಿ ನೆಡ್ರಾ ಅಂದಳು:

"ಜೆಲ್ಫಕ್ಕ, ನೀನು ಯಾಕೆ ಮದ್ವೆ ಆಗ್ಲಿಲ್ಲ ಅಂತ ನಂಗೆ ಇವತ್ತು ಗೊತ್ತಾಯ್ತು ನೋಡು."

"ಯಾಕಂತೆ?"

"ಬಂದ ಗಂಡುಗಳನ್ನೆಲ್ಲ ದೀಪಕ್ಕೆ ಹಿಡಿದು ತಿರುಗ್ಸಿ ನೋಡಿದ್ದೀಯ."

"ಹೂಂ ಕಣೆ. ಎಲ್ಲದ್ರಲ್ಲೂ ಚುಕ್ಕೆ ಇತ್ತು," ಎಂದಳು ಜೆಲ್ಫಾ. ಇಬ್ಬರೂ ನಗುತ್ತ ನಗುತ್ತ ಹೋಗಬೇಕಾದ ಮನೆಯನ್ನೇ ದಾಟಿ ಹೋಗಿದ್ದರು.

ಎಪ್ಪತ್ತೊಂದರ ಫೆಬ್ರವರಿಯಲ್ಲಿ ಕಲೆ ಕಾಣಿಸಿಕೊಂಡಿತು. ಆಗ ಹೊಸ ದೊಡ್ಡ ಟ್ಯೂಬುಗಳು ಬಂದಿದ್ದವು, ಇಪ್ಪತ್ತೊಂದು ಅಂಗುಲದವು. ಇಬ್ಬರು ಗಂಡಸರು ಉಸಿರು ಬಿಗಿಹಿಡಿದು ಎತ್ತಿ ತೊಟ್ಟಿಲಿನಂಥ ಚೌಕಟ್ಟಿನಲ್ಲಿ ಕೂರಿಸಬೇಕು. ಅಂಥದ್ದನ್ನು ತಿರುಗಿಸುವ ಮಾತೆಲ್ಲಿ? ತಿರುಗಿಸಿ ನೋಡುವ ರೂಢಿ ಹಾಗೆ ತಪ್ಪಿತು. ಯಾರೂ ತಪ್ಪಿಸಿದ್ದಲ್ಲ, ಭಾರಕ್ಕೆ ತಪ್ಪಿದ್ದು. ನಡುಚುಕ್ಕೆಯನ್ನು ದಿಟ್ಟಿಸಿ ಆರು, ಏಳು ಎಂದು ಎಣಿಸುವಷ್ಟರಲ್ಲಿ ಪಕ್ಕದಲ್ಲಿ ಮಸುಕು ಬೂದಿ ಬಣ್ಣದ ಒಂದು ಕಲೆ ಜೆಲ್ಫಾಳಿಗೆ ಕಂಡಿತು. ಅಲ್ಲಿ ಗೆರೆ ಕೊಂಚ ಬಾಗಿ ಅಳಿಸಿಹೋದಂತಿತ್ತು. ಅಡ್ಡಗೀಟು ಎಳೆದು ಪಟ್ಟಿಯಲ್ಲಿ ಬರೆದಳು: ಚುಕ್ಕೆಯಿಂದ ಒಂದು ಬೆರಳು ವಾಯುವ್ಯಕ್ಕೆ.

ನಮ್ಮ ಕಣಿವೆಯಲ್ಲಿ ಎಲ್ಲವೂ ದಿಕ್ಕಿನ ಲೆಕ್ಕ; ಗಾಜಿನಲ್ಲೂ ಮೇಲೆ ಉತ್ತರ, ಎಡಕ್ಕೆ ಪಶ್ಚಿಮ. ನಮ್ಮ ಚರ್ಚಿನ ದೊಡ್ಡ ದೇವಾಲಯದ ಮೂಲೆಯಿಂದ ಪೂರ್ವಕ್ಕೆ ಇಷ್ಟು, ದಕ್ಷಿಣಕ್ಕೆ ಇಷ್ಟು ಎಂದೇ ಮನೆಯ ವಿಳಾಸ. ಉಪ್ಪಿನ ಡಬ್ಬಿ ಎಲ್ಲಿ ಎಂದರೂ ಹೆಂಗಸರು ಒಲೆಯ ಉತ್ತರಕ್ಕೆ ಎನ್ನುತ್ತಾರೆ. ಹಾಗಾಗಿ ಎರಡನೆಯ ಟ್ಯೂಬಿನಲ್ಲೂ, ಐದನೆಯದರಲ್ಲೂ, ಮಾರನೆಯ ವಾರ ಹತ್ತರಲ್ಲಿ ಮೂರರಲ್ಲೂ ಕಲೆ ಅದೇ ವಾಯುವ್ಯದಲ್ಲಿ ಬಂದಾಗ ಯಾರಿಗೂ ಸಂಶಯವೇ ಉಳಿಯಲಿಲ್ಲ. ವಿಳಾಸವಿರುವ ಕಲೆ ಗಾಜಿನಲ್ಲಿ ವಾಸವಿರಲೇಬೇಕು. ಒಂದೇ ಜಾಗದಲ್ಲಿ ಪದೇ ಪದೇ ಬರುತ್ತಿದೆ ಎಂದರೆ ಹೊಯ್ಯುವ ಕೈ ಒಂದೇ ಕಡೆ ತಪ್ಪುತ್ತಿದೆ.

ಮೇಸ್ತ್ರಿ ಡೆಲ್ಬರ್ಟ್ ಕ್ರಿಸ್ಟಿಯನ್ಸನ್ ಕೆಟ್ಟವನಲ್ಲ. ವಾರ್ಡಿನಲ್ಲಿ ಬಿಷಪ್ಪನ ಬಲಗೈಯಾಗಿದ್ದವನು, ಯಾರ ಮನೆಯ ಹಿಮ ಗುಡಿಸುವುದಕ್ಕೂ ಸಲಿಕೆ ಹಿಡಿದು ಮೊದಲು ಹೊರಡುವವನು. ಅವನು ಮೊದಲು ನೀರು ಬದಲಿಸಿದ. ಆಮೇಲೆ ಪುಡಿ ಬದಲಿಸಿದ. ಸ್ಟೇಟ್ ಸ್ಟ್ರೀಟಿನ ಲಾರಿಗಳಿಂದ ನೆಲ ಅದುರುತ್ತದೆ ಎಂದು ಮೇಜುಗಳ ಕಾಲಿಗೆ ರಬ್ಬರ್ ಕಟ್ಟಿಸಿದ. ನೆಡ್ರಾಳಿಗೆ ಬಟ್ಟೆಯ ಚಪ್ಪಲಿ ಕೊಟ್ಟ. ಕಲೆ ಹತ್ತರಲ್ಲಿ ಐದಾಯಿತು.

"ಡೆಲ್ಬರ್ಟಣ್ಣ, ಇನ್ನು ನನ್ನ ತಲೆ ಒಂದು ಉಳಿದಿದೆ, ಅದನ್ನೂ ಬದಲಾಯ್ಸಿ ನೋಡಿಬಿಡು," ಎಂದಳು ನೆಡ್ರಾ ಊಟದ ಮೇಜಿನಲ್ಲಿ. ಎಲ್ಲರೂ ನಕ್ಕರು. ಆಮೇಲೆ ಅವಳು ಜೆಲ್ಫಾಳ ಕಡೆ ಬಗ್ಗಿ ಕೇಳಿದಳು: "ಅದೇನಕ್ಕ, ಬೆಳಿಗ್ಗೆ ನೋಡಿದ ಟ್ಯೂಬಲ್ಲಿ ಕಮ್ಮಿ, ಊಟ ಆದ್ಮೇಲೆ ನೋಡಿದ್ರಲ್ಲಿ ಜಾಸ್ತಿ? ಎರಡೂ ಹಿಂದಿನ ದಿನ ಹೊಯ್ದವೇ ಅಲ್ವಾ?"

"ನಂಗೇನು ಗೊತ್ತು? ನಾನು ಕಂಡಿದ್ದು ಹೇಳೋಳು."

ಕಂಡದ್ದನ್ನು ಹೇಳುವವಳು. ಅದೇ ಅವಳ ಹೆಮ್ಮೆ. ಮನೆಯಲ್ಲಿ ಸ್ತೋತ್ರದ ಪುಸ್ತಕ ಓದುವಾಗ ಪದಗಳ ನಡುವೆ ಒಂದೊಂದು ಅಕ್ಷರ ನುಂಗಿಹೋಗುತ್ತಿತ್ತು. ಈಗಿನ ಅಚ್ಚಿನವರಿಗೆ ಕೆಲಸವೇ ಬರುವುದಿಲ್ಲ ಎಂದು ಅವಳು ಅಚ್ಚಿನವರನ್ನು ಬೈದುಕೊಂಡಳು.

ಮೇ ತಿಂಗಳ ಮೊದಲ ಭಾನುವಾರ, ಎಲ್ಲರೂ ಉಪವಾಸವಿದ್ದು ಚರ್ಚಿನಲ್ಲಿ ಎದ್ದು ನಿಂತು ತಮ್ಮ ನಂಬಿಕೆಯ ಮಾತು ಹೇಳುವ ದಿನ. ನನಗೆ ಗೊತ್ತು ಎಂದು ಶುರುಮಾಡುವುದು ನಮ್ಮಲ್ಲಿ ವಾಡಿಕೆ: ದೇವರಿದ್ದಾನೆ ಎಂದು ನನಗೆ ಗೊತ್ತು, ಅವನು ಕೇಳುತ್ತಾನೆ ಎಂದು ನನಗೆ ಗೊತ್ತು. ನೆಡ್ರಾ ಎದ್ದಳು. ಅವಳು ಎದ್ದರೆ ಜನ ನಗುವುದಕ್ಕೆ ತಯಾರಾಗುತ್ತಾರೆ.

"ನಂಗೆ ಗೊತ್ತು," ಎಂದು ಶುರುಮಾಡಿ, ತನ್ನ ಎರಡೂ ಅಂಗೈ ನೋಡಿಕೊಂಡಳು. "ನಂಗೆ ಏನೂ ಗೊತ್ತಾಗ್ತಿಲ್ಲ. ನನ್ನ ಕೈಯಲ್ಲಿ ಏನೋ ತಪ್ಪಾಗ್ತಿದೆ. ಮೂರು ತಿಂಗಳಿಂದ ಕೇಳ್ಕೋತಿದೀನಿ, ಎಲ್ಲಿ ತಪ್ಪು ಅಂತ ತೋರ್ಸು ದೇವ್ರೇ ಅಂತ. ತೋರಿಸ್ತಿಲ್ಲ. ನೀವೂ ನಂಗೋಸ್ಕರ ಕೇಳ್ಕೊಳಿ." ಕೂತುಬಿಟ್ಟಳು. ಪಕ್ಕದಲ್ಲೇ ಇದ್ದ ಜೆಲ್ಫಾ ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಅವಳೂ ಮನಸಾರೆ ಪ್ರಾರ್ಥಿಸಿದಳು, ನೆಡ್ರಾಳ ಕೈ ಸರಿಹೋಗಲಿ ಎಂದು.

ನಾಲ್ಕು ದಿನ ಕಳೆದು ಗುರುವಾರ, ಯಾರೋ ಹಳೆಯ ಗಿರಾಕಿ ಕೇಳಿದ್ದಕ್ಕೆ ಐದು ಅಂಗುಲದ ಒಂದು ಚಿಕ್ಕ ಟ್ಯೂಬ್ ಜೆಲ್ಫಾಳ ಮುಂದೆ ಬಂತು. ಎಷ್ಟೋ ದಿನದ ಮೇಲೆ ಕೈಯಲ್ಲಿ ಹಿಡಿಯಬಹುದಾದಂಥದ್ದು. ಚುಕ್ಕೆ ದಿಟ್ಟಿಸಿದಳು. ವಾಯುವ್ಯದಲ್ಲಿ ಕಲೆ. ಇದಕ್ಕೂ ಬಂತಲ್ಲಪ್ಪ ಎಂದುಕೊಳ್ಳುತ್ತ, ಯೋಚನೆಯೇ ಇಲ್ಲದೆ, ಮೊಟ್ಟೆಯ ಕಾಲದ ಅವಳ ಬೆರಳುಗಳು ಟ್ಯೂಬನ್ನು ಕಾಲು ಸುತ್ತು ತಿರುಗಿಸಿದವು.

ಕಲೆ ತಿರುಗಲಿಲ್ಲ.

ಅರ್ಧ ಸುತ್ತು ತಿರುಗಿಸಿದಳು. ಪೂರ್ತಿ ತಿರುಗಿಸಿದಳು. ಕಲೆ ನಿಂತಲ್ಲೇ ನಿಂತಿತ್ತು. ಭೂತಗಾಜನ್ನು ಲಂಗದ ಅಂಚಿನಲ್ಲಿ ಒರೆಸಿದಳು, ಬೇರೆ ಗಾಜು ತಂದಳು, ರೆಪ್ಪೆ ತಿಕ್ಕಿಕೊಂಡಳು. ಕೊನೆಗೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಬಲಗಣ್ಣು ಮುಚ್ಚಿ ಎಡಗಣ್ಣಿಗೆ ಗಾಜು ಒತ್ತಿದಳು. ಹಸಿರು ಚೌಕುಳಿ ತೊಳೆದಿಟ್ಟ ಹಾಗೆ ನಿರ್ಮಲವಾಗಿತ್ತು.

ಆ ಕ್ಷಣ ಎದ್ದು ಬಾಗಿಲು ತೆರೆದು ಡೆಲ್ಬರ್ಟನನ್ನು ಕೂಗಿದ್ದರೆ ಈ ಕತೆ ಇರುತ್ತಿರಲಿಲ್ಲ. ಕೂಗಲಿಲ್ಲ. ನಾನು ಅವಳ ಪರ ವಕಾಲತ್ತು ವಹಿಸುವುದಿಲ್ಲ, ಆದರೆ ಕಲ್ಲೆಸೆಯುವುದಕ್ಕೂ ಕೈ ಬಾರದು. ಇರುವುದೊಂದೇ ಕಣ್ಣು ಎಂದು ಬದುಕಿದವಳಿಗೆ ಆ ಕಣ್ಣೇ ಸುಳ್ಳು ಹೇಳಿದೆ ಎಂದು ಗೊತ್ತಾದರೆ, ಅದನ್ನು ಬಾಯಿಗೆ ತರುವುದಕ್ಕೆ ಒಂದೆರಡು ದಿನ ಬೇಕಾಗುತ್ತದೆ. ಅವಳು ಮನಸ್ಸಿನಲ್ಲೇ ಒಂದು ಹಂಚಿಕೆ ಹಾಕಿದಳು. ನಾಳೆಯಿಂದ ಎಡಗಣ್ಣಲ್ಲಿ ನೋಡುತ್ತೇನೆ. ಒಳ್ಳೆಯ ಟ್ಯೂಬುಗಳು ಒಳ್ಳೆಯವಾಗಿ ಹೋಗುತ್ತವೆ. ಕಲೆ ತಾನಾಗಿ ಕಡಿಮೆಯಾಯಿತು ಎಂದು ಎಲ್ಲರೂ ಮರೆಯುತ್ತಾರೆ. ನೆಡ್ರಾಳೂ ಉಳಿದಳು, ನಾನೂ ಉಳಿದೆ.

ಶುಕ್ರವಾರ ಗಾಜು ಕಾಯಿಸುವ ಒಲೆ ಕೆಟ್ಟು ಕಾರ್ಖಾನೆಗೆ ರಜೆ ಕೊಟ್ಟರು. ಸೋಮವಾರ ಬೆಳಿಗ್ಗೆ ಜೆಲ್ಫಾ ಕತ್ತಲೆ ಕೋಣೆಗೆ ಹೋಗುವಾಗ ಹೊಯ್ಯುವ ಕೋಣೆಯಿಂದ ಹೊರಬಂದದ್ದು ಬೇರೆ ಯಾರೋ ಹೆಂಗಸು. ನೆಡ್ರಾ ರಬ್ಬರ್ ಗವಸು ಹಿಡಿದುಕೊಂಡು ತೊಳೆಯುವ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ನನ್ನ ಪಾಪ ನಾನೇ ತೊಳೀಲಿ ಅಂತ ಇಲ್ಲಿ ಹಾಕವ್ರೆ ಜೆಲ್ಫಕ್ಕ," ಎಂದಳು. ತಮಾಷೆ ಮಾಡಲು ಹೋಗಿ ದನಿ ಒಡೆಯಿತು.

ಜೆಲ್ಫಾ ಒಳಗೆ ಹೋಗಿ ಕೂತಳು. ಎದುರಿಗೆ ನೆಡ್ರಾ ಗುರುವಾರ ಹೊಯ್ದ ಟ್ಯೂಬುಗಳಿರಲಿಲ್ಲ. ಅವನ್ನು ಡೆಲ್ಬರ್ಟ್ ನೋಡಿಸದೆಯೇ ತೊಳೆಯಲು ಕಳಿಸಿದ್ದ. ಹೊಸಬಳ ಕೈಯಲ್ಲಿ ಆದವು ಮಾರನೆಯ ದಿನದಿಂದ ಬರತೊಡಗಿದವು. ಈಗ ಅವಳೇನು ಮಾಡಬೇಕು? ಬಲಗಣ್ಣಲ್ಲಿ ನೋಡಿ ಒಳ್ಳೆಯವನ್ನು ಬೇಡ ಎನ್ನಬೇಕೇ? ಎಡಗಣ್ಣಲ್ಲಿ ನೋಡಿದಳು. ಒಂದರಲ್ಲೂ ಕಲೆಯಿಲ್ಲ. ಮಂಗಳವಾರ ಇಲ್ಲ, ಬುಧವಾರವೂ ಇಲ್ಲ. ಒಂದೊಂದು ಟ್ಯೂಬಿನ ಕತ್ತಿನ ಮೇಲೆ ತನ್ನ ಅಕ್ಷರ ಬರೆಯುವಾಗಲೂ ಅದು ನೆಡ್ರಾಳ ಮೇಲಿನ ಸಾಕ್ಷಿಗೆ ರುಜು ಹಾಕಿದಂತೆಯೇ ಆಗುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಕೈ ಬರೆಯುತ್ತಲೇ ಇತ್ತು.

ಡೆಲ್ಬರ್ಟ್ ಚೌಕುಳಿ ಕಾಗದದ ಮೇಲೆ ಒಂದು ಗೆರೆ ಎಳೆದು ಗೋಡೆಗೆ ಅಂಟಿಸಿದ. ಫೆಬ್ರವರಿಯಿಂದ ಏರುತ್ತ ಏರುತ್ತ ಬಂದ ಗೆರೆ, ನೆಡ್ರಾಳನ್ನು ತೆಗೆದ ದಿನಕ್ಕೆ ಸರಿಯಾಗಿ ಬಾವಿಗೆ ಬಿದ್ದ ಹಾಗೆ ಬಿದ್ದಿತ್ತು. ಎಲ್ಲರೂ ಬಂದು ನೋಡಿದರು. ನೆಡ್ರಾಳೂ ಬಂದು ನೋಡಿದಳು, ಒದ್ದೆ ಗವಸಿನ ಬೆರಳಿನಿಂದ ಆ ಗೆರೆಯನ್ನು ಮೇಲಿಂದ ಕೆಳಗೆ ಸವರಿ, ತೊಳೆಯುವ ಕೋಣೆಗೆ ಹಿಂತಿರುಗಿದಳು. ಕಲೆಯ ಟ್ಯೂಬುಗಳೇ ಬರದ ಮೇಲೆ ತೊಳೆಯುವುದೇನು? ಮೂರು ವಾರಕ್ಕೆ ಅಲ್ಲಿಯೂ ಕೆಲಸವಿಲ್ಲವೆಂದು ಅವಳನ್ನು ಮನೆಗೆ ಕಳಿಸಿದರು.

ಅವತ್ತೇ ಜೆಲ್ಫಾ ಊರಿನ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಅವರು ಅವಳ ಕೈಗೆ ಒಂದು ಹಾಳೆ ಕೊಟ್ಟರು. ಗೆರೆಗಳ ಚೌಕುಳಿ, ನಡುವೆ ಒಂದು ಚುಕ್ಕೆ.

"ಡಾಕ್ಟ್ರೇ, ಇದು ನಮ್ಮ ಕಾರ್ಖಾನೇದು. ನಿಮ್ಮ ಹತ್ರ ಹೇಗೆ ಬಂತು?"

"ಇದು ಎಲ್ಲಾ ಕಣ್ಣಿನ ಡಾಕ್ಟ್ರ ಹತ್ರಾನೂ ಇರತ್ತೆ. ಒಂದು ಕಣ್ಣು ಮುಚ್ಕೊಂಡು ಚುಕ್ಕೆ ನೋಡಿ. ಎಲ್ಲಾದ್ರೂ ಗೆರೆ ಬಾಗಿದೆಯಾ, ಅಳಿಸಿದೆಯಾ ಹೇಳಿ."

ಅಂದರೆ ಹನ್ನೊಂದು ವರ್ಷ ಅವಳು ಟ್ಯೂಬನ್ನು ಪರೀಕ್ಷೆ ಮಾಡುತ್ತಿದ್ದಾಗ ಟ್ಯೂಬೂ ಅವಳನ್ನು ಪರೀಕ್ಷೆ ಮಾಡುತ್ತಲೇ ಇತ್ತು. ಫೆಬ್ರವರಿಯಿಂದ ದಿನಾ ಹೇಳಿತ್ತು, ಕಣ್ಣು ದಣಿದ ಮಧ್ಯಾಹ್ನಗಳಲ್ಲಿ ಇನ್ನೂ ಹೆಚ್ಚು. ಅವಳು ಅದನ್ನು ನೆಡ್ರಾಳ ಹೆಸರಿಗೆ ಬರೆದಿದ್ದಳು.

ಕಣ್ಣಿನ ಹಿಂದೆ ಚಿತ್ರ ಮೂಡುವ ಪರದೆ ಇರುತ್ತದೆ, ಅದು ನಡುವಿನಲ್ಲಿ ಹಾಳಾಗುತ್ತಿದೆ ಎಂದರು ಡಾಕ್ಟರು. ಜೆಲ್ಫಾಳಿಗೆ ಅದು ಥಟ್ಟನೆ ಅರ್ಥವಾಯಿತು. ಪುಡಿ ಉದುರಿದೆ.

"ಅದನ್ನ ತೊಳೆದು ಮತ್ತೆ ಹಾಕೋಕೆ ಬರಲ್ವಾ?"

ಡಾಕ್ಟರಿಗೆ ಅವಳ ಮಾತಿನ ತಲೆಬುಡ ತಿಳಿಯಲಿಲ್ಲ. "ಇದಕ್ಕೆ ಔಷಧಿ ಇಲ್ಲಮ್ಮ," ಎಂದರು. "ಇನ್ನೊಂದು ಕಣ್ಣೂ ಬಹುಶಃ ಇದೇ ದಾರಿ ಹಿಡಿಯತ್ತೆ. ಪೂರ್ತಿ ಕತ್ತಲಾಗಲ್ಲ. ಅಂಚೆಲ್ಲ ಕಾಣ್ತಿರತ್ತೆ. ಎದುರಿಗಿರೋದು ಮಾತ್ರ ಹೋಗತ್ತೆ."

ಮಾರನೆಯ ದಿನ ಅವಳು ಡೆಲ್ಬರ್ಟನ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವನು ನಂಬಲಿಲ್ಲ. "ನೆಡ್ರಕ್ಕನ ಮೇಲಿನ ಪ್ರೀತಿಗೆ ಹೀಗೆ ಹೇಳ್ತಿದೀಯ," ಎಂದ. ಅವಳು ಅವನನ್ನು ಕತ್ತಲೆ ಕೋಣೆಗೆ ಎಳೆದುಕೊಂಡು ಹೋಗಿ, ಬಲಗಣ್ಣಿಗೆ ಗಾಜು ಒತ್ತಿ, ತಾನೇ ಅಕ್ಷರ ಹಾಕಿದ್ದ ಒಂದು ಟ್ಯೂಬನ್ನು ನೋಡಿ "ವಾಯುವ್ಯದಲ್ಲಿದೆ ಕಲೆ" ಎಂದಳು. ಅವನು ಬಗ್ಗಿ ನೋಡಿದ. ಏನೂ ಇರಲಿಲ್ಲ. ಅವಳು ಇನ್ನೊಂದು ತೋರಿಸಿದಳು, ಮತ್ತೊಂದು. ಡೆಲ್ಬರ್ಟ್ ಸ್ಟೂಲು ಎಳೆದುಕೊಂಡು ಕೂತ.

"ಎಷ್ಟಾಯ್ತು ಒಟ್ಟು?"

"ಅಡ್ಡಗೀಟು ಹಾಕಿದ್ದು ನೂರಾ ಎಂಬತ್ತಾರು."

"ಒಂದಾದ್ರೂ ಉಳಿದಿದೆಯಾ, ನೋಡೋಕೆ?"

"ಎಲ್ಲಾ ತೊಳೆದ್ವಲ್ಲ ಡೆಲ್ಬರ್ಟಣ್ಣ. ಕೊನೇವನ್ನ ಅವಳ ಕೈಲೇ ತೊಳೆಸಿದ್ವಿ."

ಅವನು ಎದ್ದು ಬಾಗಿಲು ಹಾಕಿಕೊಂಡ. ಆಮೇಲೆ ಮೆಲ್ಲಗೆ, ಗೋಡೆಗೆ ಕೇಳೀತು ಎನ್ನುವ ಹಾಗೆ ಮಾತಾಡಿದ. "ನೀನು ಬೇಡ ಅಂದಿದ್ದು ಬಿಡು ಅಕ್ಕ. ನೀನು ಸರಿ ಅಂದಿದ್ದು? ಆ ಕಣ್ಣಲ್ಲೇ ನೋಡಿ ಕಳ್ಸಿದ್ದೀಯ. ವಿಮಾನದವ್ರ ಹತ್ರ ಇದಾವೆ. ನಿನ್ನ ಅಕ್ಷರ ಇರೋ ಒಂದೊಂದನ್ನೂ ವಾಪಸ್ ತರ್ಸಿ ಅಂತಾರೆ. ಮೇಲಿನವ್ರು ಈ ಜಾಗಾನೇ ಮುಚ್ತಾರೆ. ನಲವತ್ತು ಮನೆ ಅಕ್ಕ, ಮುಕ್ಕಾಲು ಪಾಲು ನಮ್ಮ ವಾರ್ಡೇ."

"ಹಾಗಾದ್ರೆ ನೆಡ್ರಾ?"

"ಕರೆಸ್ಕೊಳ್ಳೋಣ. ಸ್ವಲ್ಪ ತಣ್ಣಗಾಗ್ಲಿ. ಆಮೇಲೆ ನಿಧಾನಕ್ಕೆ ಕರೆಸ್ಕೊಳ್ಳೋಣ. ಅಲ್ಲೀತನಕ ಇದು ನಮ್ಮಿಬ್ರಲ್ಲೇ ಇರ್ಲಿ."

ಅವನು ಕೇಡಿಗನಲ್ಲ ಎಂದು ಆಗಲೇ ಹೇಳಿದೆ. ಅವನ ಕಣ್ಣಲ್ಲಿ ನೀರಿತ್ತು. ನೀರಿದ್ದರೇನು, ಗೋಡೆಯ ಗೆರೆಯನ್ನು ಅವನು ಕೀಳಲಿಲ್ಲ. ಜೆಲ್ಫಾಳನ್ನು ಕತ್ತಲೆ ಕೋಣೆಯಿಂದ ತೆಗೆದು ಲಕೋಟೆ ಅಂಟಿಸುವ ಮೇಜಿಗೆ ಹಾಕಿದ. ಅವಳು ಬಾಯಿ ಮುಚ್ಚಿಕೊಂಡು ಅಂಟಿಸಿದಳು. ನಲವತ್ತು ಮನೆ ಎಂದು ತನಗೆ ತಾನೇ ಹೇಳಿಕೊಂಡಳು; ಅದು ಸುಳ್ಳಾಗಿರಲಿಲ್ಲ, ಆದರೆ ಅವಳ ಬಾಯಿ ಕಟ್ಟಿದ್ದು ಅದೊಂದೇ ಆಗಿರಲಿಲ್ಲ.

ಜೂನ್ ಹೋಯಿತು, ಜುಲೈ ಹೋಯಿತು. ತಿಂಗಳಿಗೊಮ್ಮೆ ನೆಡ್ರಾ ಕಾರು ತಂದು ಹಾರ್ನ್ ಮಾಡುತ್ತಿದ್ದಳು. ಅವಳಿಗೆ ಈಗ ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ. ಬಡಿಸುವ ಕೆಲಸ ಕೊಡುತ್ತೇವೆ ಎಂದರೂ ಬೇಡ ಎಂದಿದ್ದಳಂತೆ. ಒಂದು ಮನೆಯಲ್ಲಿ ಯಾರೋ ಹಣ್ಣಿನ ರಸದ ಹೂಜಿ ಮುಂದಿಟ್ಟು ಹೊಯ್ದುಕೊಳ್ಳಿ ಎಂದರು. ನೆಡ್ರಾ ಹೂಜಿಯನ್ನು ಜೆಲ್ಫಾಳ ಕಡೆ ಸರಿಸಿದಳು. ಕಾರಿಗೆ ವಾಪಸ್ಸು ಬಂದ ಮೇಲೆ ನಕ್ಕು ಹೇಳಿದಳು: "ನನ್ನ ಕೈ ಗೊತ್ತಲ್ಲ. ವಾಯುವ್ಯಕ್ಕೆ ಚೆಲ್ಲತ್ತೆ." ಜೆಲ್ಫಾ ಹೇಳಿಬಿಡಲು ಬಾಯಿ ತೆರೆದಳು, ಅಷ್ಟರಲ್ಲಿ ಮುಂದಿನ ಮನೆ ಬಂತು. ಮುಂದಿನ ಮನೆ ಯಾವಾಗಲೂ ಬರುತ್ತಿತ್ತು.

ಆಗಸ್ಟಿನಲ್ಲಿ ಎಡಗಣ್ಣು ಶುರುವಾಯಿತು. ಡಾಕ್ಟರು ಹೇಳಿದ್ದಕ್ಕಿಂತ ಬೇಗ. ಸೆಪ್ಟೆಂಬರಿನಲ್ಲಿ ಪೀಚ್ ಹಣ್ಣು ಶೀಶೆಗೆ ತುಂಬುವಾಗ ಹುಳುಕು ಕಾಣದೆ ಹಾಗೇ ತುಂಬಿದಳು. ಅಕ್ಟೋಬರಿನಲ್ಲಿ ಪಾಠದ ಹಾಳೆಯನ್ನು ಬಾಯಿಪಾಠ ಮಾಡಿಕೊಂಡು ಬಂದು ಓದಿದಂತೆ ನಟಿಸಿದಳು. ಯಾರನ್ನಾದರೂ ನೋಡಬೇಕೆಂದರೆ ಅವರ ಕಿವಿಯ ಆಚೆಗೆ, ಭುಜದ ಮೇಲೆ ಎಲ್ಲೋ ನೋಡಬೇಕು. ಆಗ ಓರೆಯಲ್ಲಿ ಮುಖ ಒಂದಿಷ್ಟು ಸಿಗುತ್ತಿತ್ತು.

ಅವತ್ತು ಕೊನೆಯ ಮನೆ ಮುಗಿಸಿ ಬರುವಾಗ ಬಿಸಿಲಿತ್ತು, ಬೆಟ್ಟದ ತುದಿಯಲ್ಲಿ ಮೊದಲ ಹಿಮ. ನೆಡ್ರಾ ಹೇಳಿದಳು, "ನಮ್ಮಕ್ಕನ ಮಗಳು ವೆಲೋಯ್‌ಗೆ ಮದ್ವೆ. ಕೇಕು ನೀನೇ ಮಾಡ್ಬೇಕು ಚಿಕ್ಕಮ್ಮ ಅಂತ ಅತ್ಲು. ಆಗಲ್ಲ ಅಂದೆ. ಅಂಗಡೀಲಿ ತಗೊಳ್ಳಿ ಅಂದೆ."

"ಯಾಕೆ ಅಂದೆ?"

"ಯಾಕೆ ಅಂದ್ರೆ? ಅಷ್ಟು ಜನರ ಮುಂದೆ ಬಳ್ಳಿ ಹರಿದ್ರೆ?"

"ಕಾರು ನಿಲ್ಸು," ಎಂದಳು ಜೆಲ್ಫಾ.

ನೆಡ್ರಾ ಕಾಲುವೆಯ ಪಕ್ಕ ನಿಲ್ಲಿಸಿದಳು. ಜೆಲ್ಫಾ ಹೇಳಿದಳು. ಮೊಟ್ಟೆಯಂತೆ ತಿರುಗಿಸಿದ ಐದು ಅಂಗುಲದ ಟ್ಯೂಬಿನಿಂದ ಶುರುಮಾಡಿ ಡಾಕ್ಟರ ಹಾಳೆಯವರೆಗೆ, ಡೆಲ್ಬರ್ಟನ ಕೋಣೆಯವರೆಗೆ, ಒಂದನ್ನೂ ಬಿಡದೆ ಹೇಳಿದಳು. "ನಿನ್ನ ಕೈ ಒಂದು ದಿನಾನೂ ತಪ್ಪಲಿಲ್ಲ ಕಣೆ. ಕಲೆ ನನ್ನ ಕಣ್ಣಲ್ಲಿತ್ತು."

ಕಾರಿನ ಎಂಜಿನ್ನು ಟಿಕ್ ಟಿಕ್ ಎಂದು ತಣ್ಣಗಾಗುತ್ತಿತ್ತು.

"ನೂರಾ ಎಂಬತ್ತಾರೂ ಚೆನ್ನಾಗಿದ್ವಾ?" ನೆಡ್ರಾಳ ದನಿ ಚಿಕ್ಕ ಹುಡುಗಿಯ ದನಿಯಂತಿತ್ತು.

"ಅಷ್ಟೂ ಚೆನ್ನಾಗಿದ್ವು."

"ನಿಂಗೆ ಯಾವತ್ತು ಗೊತ್ತಾಯ್ತು?"

ಜೆಲ್ಫಾ ಈ ಪ್ರಶ್ನೆಗೆ ಐದು ತಿಂಗಳಿಂದ ಹೆದರಿದ್ದಳು. ಡಾಕ್ಟರು ಹೇಳಿದ ದಿನ ಎನ್ನಬಹುದಿತ್ತು. ಅದನ್ನು ಅಲ್ಲವೆನ್ನಲು ಜಗತ್ತಿನಲ್ಲಿ ಯಾವ ಸಾಕ್ಷಿಯೂ ಉಳಿದಿರಲಿಲ್ಲ.

"ಗುರುವಾರ," ಎಂದಳು. "ನಿನ್ನ ತೆಗೆದಿದ್ದು ಸೋಮವಾರ."

ನೆಡ್ರಾಳ ಕೈಗಳು ಸ್ಟೀರಿಂಗಿನಿಂದ ಕೆಳಗಿಳಿದವು. ಅವಳು ಅಳುತ್ತಿದ್ದಾಳೋ, ಬಿಳಿಚಿಕೊಂಡಿದ್ದಾಳೋ, ಒಂದು ಕೂದಲೆಳೆಯಷ್ಟಾದರೂ ಕರುಣೆ ಆ ಮುಖದಲ್ಲಿ ಇದೆಯೋ ಎಂದು ತಿಳಿಯದೆ ಜೆಲ್ಫಾಳಿಗೆ ಜೀವ ಹೋದಂತಾಯಿತು. ಆ ಮುಖ ಒಂದಿಷ್ಟು ಸಿಗಲಿ ಎಂದು ಅವಳು ಕತ್ತು ಹೊರಳಿಸಿ ಕಿಟಕಿಯ ಆಚೆ, ಕಾಲುವೆಯ ಕಡೆ ನೋಡಿದಳು.

"ಅಲ್ಲೇನು ನೋಡ್ತೀಯ?" ನೆಡ್ರಾಳ ದನಿ ಕತ್ತರಿಸಿದ ಹಾಗೆ ಬಂತು. "ಇಂಥದ್ದು ಹೇಳಿ ಕಾಲುವೆ ನೋಡ್ತೀಯಾ? ಎಂಟು ವರ್ಷ ಜೊತೇಲಿದ್ದೋಳು ನಾನು. ನನ್ನ ಮುಖ ನೋಡು!"

"ನಿನ್ನನ್ನೇ ನೋಡ್ತಿದೀನಿ ಕಣೆ. ಹೀಗೆ ನೋಡಿದ್ರೇನೇ ನೀನು…"

ನೆಡ್ರಾ ಕೇಳಲಿಲ್ಲ. ಎರಡೂ ಕೈಗಳಿಂದ ಜೆಲ್ಫಾಳ ಕೆನ್ನೆ ಹಿಡಿದಳು. ಆ ಸಿಟ್ಟಿನಲ್ಲೂ ಆ ಕೈಗಳು ಎಳ್ಳಷ್ಟೂ ನಡುಗುತ್ತಿರಲಿಲ್ಲ. ನೀರು ತುಂಬಿದ ಟ್ಯೂಬನ್ನು ಹಿಡಿಯುವಷ್ಟೇ ಜೋಪಾನವಾಗಿ ಹಿಡಿದು, ಆ ತಲೆಯನ್ನು ನೇರ ತನ್ನ ಕಡೆಗೆ ತಿರುಗಿಸಿದಳು. 

ಓರೆಯಲ್ಲಿ ಆವರೆಗೆ ಕಾಣುತ್ತಿದ್ದ ನೆಡ್ರಾಳ ಮುಖ ಜೆಲ್ಫಾಳಿಗೆ ಕಾಣದಾಯಿತು. ಕಾರಿನ ಕಿಟಕಿ ಕಾಣುತ್ತಿತ್ತು, ನೆಡ್ರಾಳ ಕೋಟಿನ ಕಾಲರು ಕಾಣುತ್ತಿತ್ತು, ಅದರ ಸುತ್ತ ಬಿಸಿಲು ಕಾಣುತ್ತಿತ್ತು. ನೆಡ್ರಾಳ ಕೈಗಳನ್ನು ತನ್ನ ಕೆನ್ನೆಯ ಮೇಲೆ ಹಾಗೇ ಇರಗೊಟ್ಟು, ಜೆಲ್ಫಾ ಆ ಮುಖದ ಜಾಗದಲ್ಲಿದ್ದ ಬೂದು ಕಲೆಯನ್ನೇ ಕಣ್ಣು ಮಿಟುಕಿಸದೆ ನೋಡಿದಳು.